ಸುವೈಕ್‌ನ ನೀರುಗಂಟಿ

ಗುರುತಿನ ಚೀಟಿಯಲ್ಲಿ ವೃತ್ತಿ ಎಂಬ ಕಡೆ
ಅರಬ್ಬಿಯಲ್ಲಿ ಉದ್ದಕ್ಕೆ ಏನೋ ಇದೆ.
ಡ್ರೈವರ್ ಮುರಾದ್ ಓದಿ ಹೇಳಿದ:
ನೈಸರ್ಗಿಕ ಸಂಪನ್ಮೂಲ, ಯೋಜನೆ, ನಿರ್ವಹಣೆ,
ಉಸಿರು ತಗೊಂಡು, ‘ತಂತ್ರಜ್ಞೆ’.
ಇಷ್ಟುದ್ದದ ಹೆಸರಿಗೆ ಕೆಲಸ ಇಷ್ಟೇ:
ಬಾವಿಗೆ ಪಟ್ಟಿ ಇಳಿಬಿಡುವುದು,
ಅದು ಕೂಗುವವರೆಗೆ ಕಾಯುವುದು.

ನೀರು ತಾಗಿದರೆ ಪಟ್ಟಿ ಕೂಗುತ್ತದೆ,
ಗೂಡಿನ ಮರಿಯ ಹಾಗೆ, ಒಂದೇ ಸ್ವರ.
ಹೋದ ಮಾರ್ಚಿಯಲ್ಲಿ ಹದಿನೆಂಟು ಮೀಟರಿಗೆ ಕೂಗಿದ್ದು
ಈ ಮಾರ್ಚಿಯಲ್ಲಿ ಹತ್ತೊಂಬತ್ತಾದರೂ ಸುಮ್ಮನಿದೆ.
ಇನ್ನೊಂದು ಮೊಳ ಬಿಡುತ್ತೇನೆ.
ಹಾಂ, ಈಗ.

ಸಂಜೆ ಗಾಳಿಗೆ ಬಂದವರಿಗೆ
ಕಡಲು ದಡದಲ್ಲೇ ನಿಂತ ಹಾಗೆ ಕಾಣುತ್ತದೆ.
ನಿಂತಿಲ್ಲ.
ನಾವು ಎಳೆದ ಸಿಹಿನೀರು ಬಿಟ್ಟ ಜಾಗಕ್ಕೆ
ನೆಲದಡಿಯಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು
ಸದ್ದಿಲ್ಲದೆ ಬರುತ್ತಿದೆ.
ಮೊದಲು ನಿಂಬೆ ಹೋಯಿತು, ಆಮೇಲೆ ಮಾವು.
ಈಗ ಖರ್ಜೂರದ ಗರಿಯ ತುದಿ
ಬೀಡಿ ಸುಟ್ಟ ಹಾಗೆ.

ತರಬೇತಿಗೆ ಬಂದ ಶಮ್ಸಾ ಕೇಳುತ್ತಾಳೆ:
‘ಇದನ್ನು ಓದಿದರೆ ಮುಂದೆ ಏನಾಗಬಹುದು, ಮುಹಂದಿಸಾ?
ತೈಲದವರು ದುಪ್ಪಟ್ಟು ಕೊಡುತ್ತಾರೆ.’
ನಕ್ಷೆ ಬರೆಯಬಹುದು, ಅಂದೆ. ಸಚಿವಾಲಯ ಸೇರಬಹುದು,
ಎಸಿಯಲ್ಲಿ ಕೂತು ಇಪ್ಪತ್ತು ವರ್ಷದ ಮುಂದಿನದನ್ನು
ಬಣ್ಣ ಬಣ್ಣದ ಗೆರೆಯಲ್ಲಿ ತೋರಿಸಬಹುದು.
ಬಹುಪಾಲು ಮಾತ್ರ,
ಯಾರಿಗೂ ಬೇಡದ ಒಂದು ಅಂಕಿಯನ್ನು
ಮನೆ ಬಾಗಿಲಿಗೆ ಒಯ್ದು ಕೊಡುವವಳಾಗುತ್ತೀ.
ಅವಳು ನಗಲಿಲ್ಲ. ಮೀಟರನ್ನು ಒರೆಸಿದಳು.

ಇವತ್ತಿನದು ಖಲ್ಫಾನರ ತೋಟ.
ಚಾಪೆ, ಕಹ್ವಾ, ತಟ್ಟೆ ತುಂಬ ಖರ್ಜೂರ,
ಆಮೇಲೆ ಮೆಲ್ಲಗೆ:
‘ಒಂದು ಸಾವಿರ ಕಡಿಮೆ ಬರಿ, ಬಿಲ್ಲಪ್ಪಾ.
ಉಪ್ಪಿಗೇನು, ಬೇಜಾರಾಗುವುದಿಲ್ಲ.’

ಬಿಲ್ಲಪ್ಪ ಅಲ್ಲ, ಪಿಳ್ಳಪ್ಪ.
ಪಾಸ್‌ಪೋರ್ಟಿನವರು ತಾತನ ಹೆಸರನ್ನೇ
ನನ್ನ ಮನೆತನ ಮಾಡಿದರು;
‘ಪ’ ಇಲ್ಲದ ಭಾಷೆ ಅದನ್ನು ಮೆತ್ತಗೆ ಮಾಡಿತು.

ತಾತ ಮಾಲೂರಿನ ಕಡೆ ಒಂದು ಕೆರೆಯ ನೀರುಗಂಟಿ.
ಉಸಿರು ಕಟ್ಟಿ ಮುಳುಗಿ ತೂಬು ಎತ್ತುತ್ತಿದ್ದ,
ಯಾವ ಗದ್ದೆಗೆ ಎಷ್ಟು ಹೊತ್ತು ಅಂತ
ನೆರಳಿನಲ್ಲಿ ಅಡಿಯಿಟ್ಟು ಅಳೆದು ಹೇಳುತ್ತಿದ್ದ.
ಪಟೇಲರ ಗದ್ದೆಗೂ ಒಂದು ಅಡಿ ಹೆಚ್ಚಿಲ್ಲ.
ಸುಗ್ಗಿಗೆ ಮನೆಗೊಂದು ಕಟ್ಟು ತೆನೆ.
ಊರ ಬಾವಿಯ ಹಗ್ಗ ಮಾತ್ರ ಮುಟ್ಟುವಂತಿಲ್ಲ;
ಬೊಗಸೆಯೊಡ್ಡಿ ನಿಲ್ಲಬೇಕು,
ಮೇಲಿನಿಂದ ಯಾರಾದರೂ ಸುರಿಯುವವರೆಗೆ.

ಇಲ್ಲಿ ನಾನು ಯಾರ ತೋಟಕ್ಕೂ ಹೋಗಿ
ಯಾರ ಬಾವಿಗೂ ಪಟ್ಟಿ ಬಿಡುತ್ತೇನೆ.
ಕಾಗದಕ್ಕೆ ಮೊಹರಿದೆ.
ಕೆಲವು ದಿನ, ಬಾವಿಯೊಳಕ್ಕೆ ಬಗ್ಗಿದಾಗ,
ಯಾರೋ ಗದರಿಸಿದ ಹಾಗಾಗಿ
ತಿರುಗಿ ನೋಡುತ್ತೇನೆ.
ಮುರಾದ್ ಕಾರಿನಲ್ಲಿ ಕ್ರಿಕೆಟ್ ಕೇಳುತ್ತಿರುತ್ತಾನೆ.

ಖಲ್ಫಾನರಿಗೆ ತಾತನ ಕಥೆ ಹೇಳಿದೆ, ಅರ್ಧ ಅರಬ್ಬಿ, ಅರ್ಧ ಕೈಸನ್ನೆ.
ಹಗ್ಗದ ವಿಷಯ ಹೇಳಲಿಲ್ಲ.
‘ರುಸ್ತಾಕಿನಲ್ಲಿ, ನನ್ನ ತಾಯಿಯ ಊರಲ್ಲೂ ಇದ್ದ ಒಬ್ಬ,
ರಾತ್ರಿ ನಕ್ಷತ್ರ ನೋಡಿ ಫಲಜಿನ ಪಾಲು ಹೇಳುವವನು.
ಅವನಿಗೆ ಕಹ್ವಾ ಕುಡಿಸಿ ಏನೂ ಗಿಟ್ಟುತ್ತಿರಲಿಲ್ಲ’
ಅಂದರು, ಖಾಲಿ ಫಿಂಜಾನಿನೊಳಗೆ ನೋಡುತ್ತ.

ಆಮೇಲೆ ಅವರೇ ಎದ್ದು ಪಂಪು ಹಾಕಿದರು.
ತಂಬಿಗೆ ತುಂಬಿ ಎತ್ತಿ ಸುರಿದರು,
ನಾನು ಬೊಗಸೆಯೊಡ್ಡಿದೆ.
ಕುಡಿದೆ.
ಮೀಟರು ಬೇಕಿರಲಿಲ್ಲ, ನಾಲಿಗೆಗೇ ಗೊತ್ತಾಯಿತು.

ಶಮ್ಸಾ ಓದಿದಳು: ಒಂಬತ್ತು ಸಾವಿರದ ನಾನೂರು.
ಖಲ್ಫಾನ್ ತೋಟದ ಕಡೆ ತಿರುಗಿ ನಿಂತರು.
ಒಂಬತ್ತು ಸಾವಿರದ ನಾನೂರು, ಬರೆದೆ.
‘ಅಳೆದವರು’ ಅನ್ನುವ ಕಡೆ
ಸಹಿ ಹಾಕಲು ಪೆನ್ನು ಎತ್ತಿ,
ಅರಬ್ಬಿಯಲ್ಲಿ ಬೇಡ ಅನ್ನಿಸಿ,
ಕನ್ನಡದಲ್ಲಿ, ದಪ್ಪಗೆ, ಬರೆದೆ:
ಪಿಳ್ಳಪ್ಪ.